ಜೂನ್ 1ರಿಂದ ಒಬ್ಬ ಹುಡುಗನ ಕೈಗೆ ಒಂದೇ ಮನೆಯ ನಾಯಿ

ಮುಂಬೈನ ಮಾಟುಂಗಾ, ವಡಾಲದ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ಇಲ್ಲಿಯವರೆಗೆ ನಮ್ಮ ಹುಡುಗರು ಮೂರು ಮನೆಯ ನಾಯಿಗಳನ್ನು ಒಟ್ಟಿಗೆ ವಾಕಿಂಗ್‌ಗೆ ಕರೆದುಕೊಂಡು ಹೋಗುತ್ತಿದ್ದರು. ಜೂನ್ 1ರಿಂದ ಒಂದು ಸಲಕ್ಕೆ ಒಂದೇ ಮನೆಯದು. ತಿಂಗಳ ಚಾರ್ಜು 3,000 ಇದ್ದದ್ದು 4,200 ರೂಪಾಯಿ ಆಗುತ್ತದೆ. ಹೊತ್ತು ಅದೇ ಅರ್ಧ ಗಂಟೆ. ಒಂದೇ ಮನೆಯಲ್ಲಿ ಎರಡು ನಾಯಿ ಇದ್ದರೆ ಎರಡನೆಯದಕ್ಕೆ ಅರ್ಧ ಚಾರ್ಜು ಮಾತ್ರ.

ದುಡ್ಡು ಏರಿಸೋಕೆ ಇದೊಂದು ನೆಪ ಅಂತ ಅನ್ನಿಸಬಹುದು. ಬೆಳಿಗ್ಗೆ ಫೈವ್ ಗಾರ್ಡನ್ಸ್ ಹತ್ತಿರ ಸುಮ್ನೆ ಐದು ನಿಮಿಷ ನಿಂತು ನೋಡಿ. ಲ್ಯಾಬ್ರಡಾರ್ ಮುಂದಕ್ಕೆ ಎಳೆಯುತ್ತದೆ. ಪಗ್ ಏದುಸಿರು ಬಿಡುತ್ತಾ ಕೂತುಬಿಡುತ್ತದೆ. ಚಪ್ಪಟೆ ಮೂಗಿನ ಜಾತಿಗೆ ಮುಂಬೈ ಸೆಕೆ ತಡೆಯೋದು ಕಷ್ಟ. ಮೂರನೆಯದು ಮರದ ಬುಡ ಮೂಸುತ್ತಾ ಕದಲುವುದೇ ಇಲ್ಲ. ಅಷ್ಟರಲ್ಲಿ ಬೀದಿನಾಯಿಯೊಂದು ಗುರ್ ಅಂದರೆ ಮೂರೂ ಹಗ್ಗ ಹುಡುಗನ ಕಾಲಿಗೇ ಸುತ್ತಿಕೊಳ್ಳುತ್ತವೆ. ಇನ್ನು ಅವನು ಬಗ್ಗಿ ಕಕ್ಕ ಎತ್ತುವುದು ಯಾವ ಕೈಯಲ್ಲಿ? ಸೊಸೈಟಿಯವರ ಬೈಗುಳ ಕೊನೆಗೆ ನಿಮ್ಮ ತಲೆಗೇ ಬರುತ್ತದೆ, ಅಲ್ವಾ?

ಜೂನ್‌ನಿಂದಲೇ ಯಾಕೆ ಅಂದರೆ, ಮಳೆ. ಜೋರು ಮಳೆ ಬಿದ್ದರೆ ಕಿಂಗ್ಸ್ ಸರ್ಕಲ್, ಗಾಂಧಿ ಮಾರ್ಕೆಟ್ ಕಡೆ ನೀರು ನಿಲ್ಲುವುದನ್ನು ನಿಮಗೆ ಹೇಳಬೇಕಾಗಿಲ್ಲ. ಆ ನೀರಿಗೆ ಇಲಿಯ ಉಚ್ಚೆ ಸೇರಿದರೆ ಲೆಪ್ಟೊಸ್ಪೈರೋಸಿಸ್ (ಲೆಪ್ಟೊ) ಅನ್ನುವ ಸೋಂಕಿನ ಭಯ. ಅದು ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ನಿಂತ ನೀರು ಕಂಡರೆ ದಾರಿ ಬದಲಿಸಬೇಕು, ಗುಂಡಿ ನೀರಿಗೆ ಬಾಯಿ ಹಾಕದಂತೆ ನೋಡಿಕೊಳ್ಳಬೇಕು. ಮನೆಗೆ ಬಂದಮೇಲೆ ಬೆರಳ ಸಂದಿ ಒರೆಸಿ, ಕಿವಿ ಹಿಂದೆ ಉಣ್ಣಿ ಹತ್ತಿದೆಯಾ ಅಂತ ತಡವಿ ನೋಡಬೇಕು. ಮೂರು ನಾಯಿ ಹಿಡಿದವನಿಗೆ ಇಷ್ಟೆಲ್ಲ ಆಗದ ಮಾತು.

ಈ ಸೋಂಕಿನ ಭಯ ಇರುವುದರಿಂದ ನಿಮ್ಮ ನಾಯಿಗೆ ರೇಬೀಸ್ ಜೊತೆಗೆ ಲೆಪ್ಟೊ ಲಸಿಕೆಯೂ ಆಗಿರಲೇಬೇಕು. ಎರಡೂ ದಾಖಲಾಗಿರುವ ಕಾರ್ಡಿನ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸಿ. ಕುತ್ತಿಗೆ ಬೆಲ್ಟಿನ ಬದಲು ಎದೆಗೆ ಹಾಕುವ ಹಾರ್ನೆಸ್ ಇದ್ದರೆ ಇನ್ನೂ ಒಳ್ಳೆಯದು. ಕುತ್ತಿಗೆ ಬೆಲ್ಟಿನಿಂದ ತಲೆ ಕಳಚಿಕೊಂಡು ಓಡುವ ಚಾಣಾಕ್ಷರು ನಮ್ಮ ಪಟ್ಟಿಯಲ್ಲಿದ್ದಾರೆ, ಹೆಸರು ಹೇಳುವುದಿಲ್ಲ.

ಒಂದು ತೊಂದರೆ ಇದೆ. ಒಂದು ಸಲಕ್ಕೆ ಒಂದೇ ಮನೆ ಅಂದಮೇಲೆ ಎಲ್ಲರಿಗೂ ಬೆಳಿಗ್ಗೆ 7 ಗಂಟೆ ಸಿಗುವುದಿಲ್ಲ. ಕೆಲವರಿಗೆ 6, ಕೆಲವರಿಗೆ 8 ಆಗಬಹುದು. ಮನೆಯಲ್ಲಿ ವಯಸ್ಸಾದ ನಾಯಿ ಇದ್ದವರಿಗೆ ಮೊದಲು ಕೇಳುತ್ತೇವೆ, ಅವಕ್ಕೆ ಬೆಳಿಗ್ಗೆ ಜಾಸ್ತಿ ಹೊತ್ತು ತಡೆಯೋಕೆ ಆಗಲ್ಲ.

ದಿನಾ ಬೇಡ ಅನ್ನುವವರು ವಾರಕ್ಕೆ ಮೂರು ದಿನ ಮಾತ್ರ ತೆಗೆದುಕೊಳ್ಳಬಹುದು, ಅದಕ್ಕೆ ತಿಂಗಳಿಗೆ 2,200 ರೂಪಾಯಿ. ನಿಮಗೆ ಯಾವ ಹೊತ್ತು ಬೇಕು ಅಂತ ಮೇ 25ರೊಳಗೆ ತಿಳಿಸಿ. ಇದು ಹೊಂದುವುದಿಲ್ಲ ಅಂದರೂ ಸಂಕೋಚ ಬೇಡ, ಉಳಿದ ಅಡ್ವಾನ್ಸ್ ವಾಪಸ್ ಕೊಡುತ್ತೇವೆ.

ಇತಿ,
ನಿಮ್ಮ ವಾಕಿಂಗ್ ತಂಡ, ಮಾಟುಂಗಾ