ಜಗಳದ ಕಥೆಯಷ್ಟೇ ಹೇಳಿದರೆ ಹೇಗೆ?

ಮಾನ್ಯ ಸಂಪಾದಕರೇ,

ಈಚೆಗೆ ಹಾಸನದ ಸಭೆಯೊಂದರಲ್ಲಿ ಭಾಷಣಕಾರರೊಬ್ಬರು ‘ಯಹೂದಿ, ಕ್ರೈಸ್ತ, ಮುಸ್ಲಿಮರು ಹುಟ್ಟಿದಂದಿನಿಂದಲೂ ಹಾವು ಮುಂಗುಸಿ’ ಎಂದು ಷರಾ ಬರೆದುಬಿಟ್ಟರು. ಚಪ್ಪಾಳೆಯೂ ಜೋರಾಗಿಯೇ ಬಿತ್ತು. 1099ರಲ್ಲಿ ಕ್ರುಸೇಡ್ ಎಂಬ ಧರ್ಮಯುದ್ಧಕ್ಕೆ ಹೊರಟ ಯುರೋಪಿನ ಕ್ರೈಸ್ತ ಸೇನೆ ಜೆರುಸಲೇಮ್ ಹಿಡಿದಾಗ ಮುಸ್ಲಿಮರನ್ನೂ ಯಹೂದಿಯರನ್ನೂ ಕೊಂದದ್ದು ಸುಳ್ಳಲ್ಲ. ಆದರೆ ಅದೇ ಊರಿನಲ್ಲಿ, ಏಸುವಿನ ಸಮಾಧಿ ಇದೆಯೆಂದು ನಂಬುವ ಚರ್ಚಿನ ಬೀಗದ ಕೈ ತಲೆಮಾರುಗಳಿಂದ ಒಂದು ಮುಸ್ಲಿಂ ಮನೆತನದ ಬಳಿ ಇದೆ. ಬಾಗಿಲು ತೆರೆಯುವ ಹಕ್ಕು ಇನ್ನೊಂದು ಮುಸ್ಲಿಂ ಮನೆತನದ್ದು. ಒಳಗಿನ ಕ್ರೈಸ್ತ ಪಂಗಡಗಳ ತಕರಾರು ನೋಡಿದರೆ ಅದೇ ವಾಸಿ ಅನ್ನಿಸುತ್ತದೆ!

1492ರಲ್ಲಿ ಸ್ಪೇನಿನ ಕ್ರೈಸ್ತ ದೊರೆಗಳು ಯಹೂದಿಯರನ್ನು ಹೊರಗಟ್ಟಿದಾಗ ಆಶ್ರಯ ಕೊಟ್ಟವನು ತುರ್ಕರ ಒಟ್ಟೊಮನ್ ಸಾಮ್ರಾಜ್ಯದ ಮುಸ್ಲಿಂ ಸುಲ್ತಾನ ಎರಡನೇ ಬಯಾಜಿದ್. ಅದಕ್ಕೂ ಮೊದಲು, 12ನೇ ಶತಮಾನದಲ್ಲಿ, ಯಹೂದಿ ಪಂಡಿತ ಮೈಮೊನಿಡೀಸ್ ಈಜಿಪ್ಟಿನಲ್ಲಿ ಮುಸ್ಲಿಂ ಸುಲ್ತಾನ ಸಲಾದೀನನ ಆಸ್ಥಾನಕ್ಕೆ ವೈದ್ಯನಾಗಿದ್ದ. ಅವನ ಮುಖ್ಯ ತತ್ವಗ್ರಂಥ ಇರುವುದು ಅರಬ್ಬಿ ಭಾಷೆಯಲ್ಲಿ, ಹೀಬ್ರೂ ಲಿಪಿಯಲ್ಲಿ. ಅದೇ ಮೈಮೊನಿಡೀಸನ ಕುಟುಂಬ ಅಲ್ಮೊಹಾದ್ ಮುಸ್ಲಿಂ ಆಳ್ವಿಕೆಯ ಕಾಟಕ್ಕೆ ಸ್ಪೇನಿನ ಹುಟ್ಟೂರು ಕಾರ್ಡೋಬಾ ಬಿಡಬೇಕಾಯಿತು, ಅದನ್ನೂ ಮುಚ್ಚಿಡಬೇಕಿಲ್ಲ.

ಕುರ್‌ಆನಿನ 19ನೇ ಅಧ್ಯಾಯಕ್ಕೆ ಏಸುವಿನ ತಾಯಿ ಮರ್ಯಮಳ ಹೆಸರಿದೆ. ಬಕ್ರೀದ್ ದಿನ ನಮ್ಮೂರ ಈದ್ಗಾದಲ್ಲಿ ನೆನೆಯುವ ಇಬ್ರಾಹಿಮರೇ ಶೆಟ್ಟಿಹಳ್ಳಿಯ ಹಳೇ ಚರ್ಚು ಕಟ್ಟಿದವರ ಬೈಬಲ್ಲಿನ ಅಬ್ರಹಾಂ. ಬಲಿಗೆ ಒಯ್ದ ಮಗ ಯಾರು, ಇಸಾಕನೋ ಇಸ್ಮಾಯಿಲನೋ ಎಂಬುದರಲ್ಲಿ ಮಾತ್ರ ಭಿನ್ನಮತ.

ನಮ್ಮ ಜಿಲ್ಲಾ ಗ್ರಂಥಾಲಯ ಈ ವಿಷಯದ ಒಳ್ಳೆಯ ಕನ್ನಡ ಪುಸ್ತಕಗಳನ್ನು ತರಿಸಲಿ. ಸಭೆ ನಡೆಸುವವರು ಭಾಷಣದ ನಂತರ ಪ್ರಶ್ನೆ ಕೇಳಲು ಹತ್ತು ನಿಮಿಷವಾದರೂ ಬಿಡಲಿ.

– ನಿವೃತ್ತ ಶಿಕ್ಷಕ, ಹಾಸನ