ಗರ್ಭಪಾತದ ನಂತರ ಸಂತೆಯ ಔಷಧದ ಗಂಟು

ಸಂಪಾದಕರಿಗೆ,

ಮಾನ್ಯರೇ,

ಗರ್ಭಪಾತವಾದ ಹೆಣ್ಣುಮಕ್ಕಳಿಗೆ ‘ಒಳಗಿನ ಹೊಲಸು ತೆಗೆಯುತ್ತದೆ’ ಎಂದು ಹೇಳಿ ಯೋನಿಯೊಳಗೆ ಇಟ್ಟುಕೊಳ್ಳುವ ಗಿಡಮೂಲಿಕೆ ಔಷಧವನ್ನು ನಮ್ಮ ಭಾಗದ ಸಂತೆಗಳಲ್ಲಿ ಮಾರುತ್ತಿರುವ ಬಗ್ಗೆ ಈ ಪತ್ರ. ಕಳೆದ ತಿಂಗಳು ನಮ್ಮ ಓಣಿಯ ಹೆಣ್ಣುಮಗಳೊಬ್ಬಳು ಅಂಥದೊಂದನ್ನು ಸೆರಗಿನ ತುದಿಯಿಂದ ಬಿಚ್ಚಿ ನನ್ನ ಅಂಗೈಯಲ್ಲಿಟ್ಟಳು. ಬಾರಿಹಣ್ಣಿನಷ್ಟು ದಪ್ಪದ ಬಟ್ಟೆಯ ಗಂಟು, ಅದಕ್ಕೊಂದು ದಾರ, ಒಳಗೆ ಕರ್ಪೂರ ಮತ್ತು ಬೇವಿನ ವಾಸನೆಯ ಕಂದು ಪುಡಿ. ಪೊಟ್ಟಣದ ಮೇಲೆ ತಾವರೆಯ ಚಿತ್ರವಿತ್ತೇ ಹೊರತು ತಯಾರಕರ ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ ಯಾವುದೂ ಇರಲಿಲ್ಲ. ವೈದ್ಯರು ಕೊಟ್ಟ ಗುಳಿಗೆಯಿಂದ ಗರ್ಭಪಾತವಾಗಿ ಅವಳಿಗೆ ಅಂದು ಒಂಬತ್ತನೆಯ ದಿನ.

ಗುಳಿಗೆಯಿಂದ ಗರ್ಭಪಾತವಾದಾಗ ಎರಡು ವಾರದವರೆಗೆ, ಕೆಲವರಿಗೆ ಇನ್ನೂ ಕೆಲವು ದಿನ ಹೆಚ್ಚಾಗಿ, ಸ್ವಲ್ಪ ಸ್ವಲ್ಪವೇ ರಕ್ತ ಹೋಗುವುದು ಸಹಜ. ಇದನ್ನು ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳದಿದ್ದಾಗ ‘ಹೊಟ್ಟೆ ಇನ್ನೂ ಸ್ವಚ್ಛವಾಗಿಲ್ಲ’ ಎಂಬ ಭಯ ಹುಟ್ಟುತ್ತದೆ. ಸಂತೆಯವನ ವ್ಯಾಪಾರ ನಿಂತಿರುವುದು ಆ ಭಯದ ಮೇಲೆಯೇ. ಆದರೆ ಆ ದಿನಗಳಲ್ಲಿ ಗರ್ಭಕೋಶದ ಬಾಯಿ ಪೂರ್ತಿ ಮುಚ್ಚಿರುವುದಿಲ್ಲವಾದ್ದರಿಂದ ಹೊರಗಿನಿಂದ ಒಳಗಿಟ್ಟ ಯಾವುದೇ ವಸ್ತುವಿನ ಜೊತೆ ರೋಗಾಣು ಮೇಲೇರಿ ಗರ್ಭಕೋಶಕ್ಕೂ ಗರ್ಭನಾಳಕ್ಕೂ ಸೋಂಕು ತಗಲಬಹುದು. ಇಂಥ ಗಂಟಿನಲ್ಲಿ ಪಟಕದಂಥ (ಆಲಂ) ಒಗರು ಪದಾರ್ಥವಿದ್ದರೆ ಅದು ಒಳಗಿನ ತೆಳುಪೊರೆಯನ್ನು ಸುಡುತ್ತದೆ. ಆಗ ಸುಲಿದು ಬರುವ ಪೊರೆಯನ್ನೇ ‘ನೋಡು, ಹೊಲಸು ಬಂತು’ ಎಂದು ತೋರಿಸುತ್ತಾರೆ. ಇನ್ನೊಂದು ಅಪಾಯ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸೋಂಕಿನ ಒಂದು ಮುಖ್ಯ ಸುಳಿವು ದುರ್ವಾಸನೆ. ಕರ್ಪೂರದ ಗಂಟು ಅದನ್ನೇ ಮುಚ್ಚಿಬಿಡುತ್ತದೆ.

ಇದು ಆಯುರ್ವೇದದ ಮೇಲಿನ ದೂರಲ್ಲ. ಯೋನಿಪಿಚು (ಔಷಧದಲ್ಲಿ ಅದ್ದಿದ ಹತ್ತಿಯನ್ನು ಯೋನಿಯಲ್ಲಿಡುವುದು), ಯೋನಿಪ್ರಕ್ಷಾಳನ (ಕಷಾಯದಿಂದ ಯೋನಿ ತೊಳೆಯುವುದು) ಇಂಥ ಚಿಕಿತ್ಸೆಗಳು ಆಯುರ್ವೇದದಲ್ಲಿವೆ. ಅವನ್ನು ಕಲಿತ ವೈದ್ಯರು ಪರೀಕ್ಷಿಸಿ ನೋಡಿ, ರಕ್ತಸ್ರಾವ ನಿಂತ ಮೇಲೆ ಮಾಡುತ್ತಾರೆ. ಬಿಳಿಸೆರಗಿಗೆಂದು ಗಿಡಮೂಲಿಕೆ ಔಷಧ ಬೇಕೇ ಬೇಕು ಎನ್ನುವವರು ಕನಿಷ್ಠ ಎರಡು ವಾರ ಕಳೆದು, ರಕ್ತ ಪೂರ್ತಿ ನಿಂತು, ಮರುತಪಾಸಣೆ ಆದ ಮೇಲೆ, ಗರ್ಭಪಾತವಾದದ್ದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಿ, ಪರವಾನಗಿಯೂ ಘಟಕಗಳ ಪಟ್ಟಿಯೂ ಇರುವುದನ್ನೇ ಬಳಸಬೇಕು. ಉರಿ ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಎಣ್ಣೆ ಬೆರೆತ ಔಷಧ ನಿರೋಧ್‌ನ ರಬ್ಬರನ್ನು ಹಾಳು ಮಾಡುತ್ತದೆ. ಮುಟ್ಟು ಬರುವ ಮೊದಲೇ ಮತ್ತೆ ಗರ್ಭ ನಿಲ್ಲಬಹುದಾದ್ದರಿಂದ ಇದು ಸಣ್ಣ ಮಾತಲ್ಲ.

ಜ್ವರ 100.4 ಡಿಗ್ರಿ ದಾಟಿದರೆ, ಕಿಬ್ಬೊಟ್ಟೆ ನೋವು ಏರುತ್ತಲೇ ಹೋದರೆ, ಸ್ರಾವ ನಾರಿದರೆ ಅಥವಾ ಎರಡು ಗಂಟೆ ಸತತವಾಗಿ ಗಂಟೆಗೆ ಎರಡೆರಡು ಪ್ಯಾಡ್ ತೊಯ್ದರೆ ಗಂಟು ಬಿಚ್ಚುವ ಹೊತ್ತಲ್ಲ, ಆಸ್ಪತ್ರೆಗೆ ಹೋಗುವ ಹೊತ್ತು. ಊರಿಗೆಲ್ಲ ಗೊತ್ತಾದೀತೆಂದು ಹಿಂಜರಿಯುವವರು ತಿಳಿಯಬೇಕಾದದ್ದಿದೆ: 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯಂತೆ ಮಹಿಳೆಯ ಗುರುತನ್ನು ಕಾನೂನಿನ ಅಧಿಕಾರ ಇಲ್ಲದವರಿಗೆ ಬಯಲು ಮಾಡುವ ವೈದ್ಯರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆಯಿದೆ. ಹದಿನೆಂಟು ತುಂಬಿದವಳ ಗರ್ಭಪಾತಕ್ಕೆ ಅವಳ ಒಪ್ಪಿಗೆ ಸಾಕು. ಗಂಡನ ಸಹಿ ಬೇಕೆಂದು ಕಾಯ್ದೆ ಹೇಳುವುದಿಲ್ಲ.

ನಮ್ಮ ಓಣಿಯವಳು ಆ ಗಂಟನ್ನು ಬಳಸಿರಲಿಲ್ಲ. ಅದನ್ನು ನನ್ನ ಬಳಿಯೇ ಬಿಟ್ಟು, ‘ಅಕ್ಕಾ, ರಕ್ತ ಇಷ್ಟು ದಿನ ಹೋಗತದ ಅಂತ ದವಾಖಾನ್ಯಾಗ ಒಬ್ಬರರ ಹೇಳಿದ್ದರ ನಾ ಯಾಕ ತರತಿದ್ದೆ’ ಎಂದಳು. ಆರೋಗ್ಯ ಇಲಾಖೆಯು ಬಿಡುಗಡೆ ಚೀಟಿಯ ಮೇಲೆ ಈ ಮಾತನ್ನು ಕನ್ನಡದಲ್ಲಿ ಅಚ್ಚು ಹಾಕಿಸಬೇಕೆಂದೂ ಓದಲು ಬಾರದವರಿಗೆ ಆಶಾ ಕಾರ್ಯಕರ್ತೆಯರಿಂದ ಹೇಳಿಸಬೇಕೆಂದೂ ಔಷಧ ನಿಯಂತ್ರಣ ಅಧಿಕಾರಿಗಳು ಸಂತೆಗಳಲ್ಲಿ ಇಂಥ ಪೊಟ್ಟಣಗಳನ್ನು ತಪಾಸಣೆ ಮಾಡಬೇಕೆಂದೂ ಕೋರುತ್ತೇನೆ.

— ನಿವೃತ್ತ ಆರೋಗ್ಯ ಸಹಾಯಕಿ, ಶಹಾಪುರ, ಯಾದಗಿರಿ ಜಿಲ್ಲೆ