ಸಹಿ ಹಾಕುವ ಮುಂಚೆ ಇದನ್ನು ಓದು, ಮಂಜು

ಕೋಲಾರ
ಜೂನ್ 11

ಚಿರಂಜೀವಿ ಮಂಜುವಿಗೆ ನಿನ್ನ ಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಕ್ಕನ ಬಿಪಿ ಹತೋಟಿಗೆ ಬಂದಿದೆ. ನಿನ್ನ ಫೋನ್ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಫೋನಿನಲ್ಲಿ ಏನು ಹೇಳಿದರೂ ನೀನು "ಹೂಂ ಮಾವ, ಹೂಂ ಮಾವ" ಅಂದುಬಿಡುತ್ತೀಯ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿಧಾನವಾಗಿ ಓದು.

"ಆರು ವರ್ಷಕ್ಕೆ ಐದು ಫುಟ್‌ಬಾಲ್ ಕ್ಲಬ್ ಆಯ್ತು. ಅಲೆಮಾರಿ ಆಗಿಬಿಟ್ಟೆ ಮಾವ. ಊರಿಗೆ ಯಾವ ಮುಖ ಹೊತ್ಕೊಂಡು ಬರಲಿ?" ಅಂದೆಯಲ್ಲ, ಆ ಮಾತು ಇನ್ನೂ ಕಿವಿಯಲ್ಲಿದೆ. ಮಾಲ್ಟಾದ ಕ್ಲಬ್ಬಿನವರು ಕರಾರು ಮುಂದುವರಿಸಲ್ಲ ಅಂದಿದ್ದು ನಿನಗೆ ಅವಮಾನ ಆಗಿದೆ. ಆ ಅವಮಾನದಲ್ಲೇ ಸೈಪ್ರಸ್‌ನ ಎರಡನೇ ಡಿವಿಷನ್ ಕ್ಲಬ್ ಒಂದಕ್ಕೆ ಹತ್ತು ದಿನದೊಳಗೆ ಸಹಿ ಹಾಕಲು ಹೊರಟಿದ್ದೀಯ. ತೊಡೆ ನೋವಿನ ವಿಷಯ ಅವರಿಗೆ ಹೇಳಲ್ಲ ಅಂತಲೂ ಅಂದೆ. ನೀನು ಊರೂರು ಸುತ್ತುತ್ತಿರುವುದು ನನಗೆ ಚಿಂತೆಯಲ್ಲ. ಆ ಕೊನೇ ಮಾತು ಚಿಂತೆ.

ಮೊದಲು ಮುಖ ತೋರಿಸುವ ಮಾತಿಗೆ ಬರುತ್ತೇನೆ. ಮೂವತ್ತು ವರ್ಷ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆದವನು ನಾನು. 2023ರ ಜುಲೈನಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತು. ಆ ಚೀಟಿಗಳನ್ನು ಈ ಕೈಯೇ ಬರೆದಿದೆ. ಅದೇ ರೈತರು, ಅದೇ ಹೊಲದ ಹಣ್ಣನ್ನು ಕೇಳುವವರಿಲ್ಲದೆ ರಸ್ತೆ ಬದಿ ಸುರಿದು ಖಾಲಿ ಬಾಕ್ಸ್ ಹೊತ್ತು ಹೋದದ್ದನ್ನೂ ನೋಡಿದ್ದೇನೆ. ಹಣ್ಣು ಕೆಟ್ಟಿರಲಿಲ್ಲ. ಆ ದಿನ ಬೇಕಾದವರು ಇರಲಿಲ್ಲ, ಅಷ್ಟೆ. ನಿನ್ನಂಥ ಗೋಲ್ ಹೊಡೆಯುವ ಸ್ಟ್ರೈಕರ್ ಬಾಳೂ ಹಾಗೇ ಇದೆ. ಕೋಚ್ ಬದಲಾದರೆ ಒಬ್ಬ ಬೇಕು, ಇನ್ನೊಬ್ಬ ಬೇಡ. ಅದನ್ನು ನಿನ್ನ ಯೋಗ್ಯತೆಯ ಲೆಕ್ಕಕ್ಕೆ ಬರೆದುಕೊಳ್ಳಬೇಡ.

ನಾವಿಬ್ಬರೂ ಕೂತು ಟಿವಿಯಲ್ಲಿ ನೋಡಿದ್ದ ನೈಜೀರಿಯಾದ ಒಗ್ಬೆಚೆ ನೆನಪಿದ್ದಾನಾ? 2002ರ ವರ್ಲ್ಡ್ ಕಪ್‌ಗೆ ಹೋದಾಗ ಅವನಿಗೆ ಹದಿನೇಳು. ಪ್ಯಾರಿಸ್‌ನ ದೊಡ್ಡ ಕ್ಲಬ್ಬಿನಲ್ಲಿ ಬೆಳೆದ ಹುಡುಗ. ಆಮೇಲೆ ಸ್ಪೇನ್, ಗ್ರೀಸ್, ಇಂಗ್ಲೆಂಡ್, ನೆದರ್ಲೆಂಡ್ಸ್ ಅಂತ ಸುತ್ತಿದ. 2018ರಲ್ಲಿ ನಮ್ಮ ಇಂಡಿಯನ್ ಸೂಪರ್ ಲೀಗ್‌ಗೆ (ಐಎಸ್ಎಲ್) ಬಂದಾಗ ವಯಸ್ಸು ಮೂವತ್ಮೂರು. ಮುಗಿದ ಆಸಾಮಿ ಅಂತ ನಾನೇ ಅಂದಿದ್ದೆ. ತಪ್ಪು ನನ್ನದು. 2021–22ರ ಸೀಸನ್‌ನಲ್ಲಿ, ಮೂವತ್ತೇಳರ ವಯಸ್ಸಲ್ಲಿ, ಹೈದರಾಬಾದ್ ಪರ 18 ಗೋಲ್ ಹೊಡೆದು, ಅತಿ ಹೆಚ್ಚು ಗೋಲ್ ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ತಗೊಂಡ. ಆ ವರ್ಷ ಕಪ್ಪೂ ಹೈದರಾಬಾದ್‌ಗೇ ಬಂತು.

ಇಂಗ್ಲೆಂಡಿನ ರಿಕಿ ಲ್ಯಾಂಬರ್ಟ್ ಕಥೆಯಂತೂ ನನಗೆ ಬಹಳ ಹಿಡಿಸಿದ್ದು. ಲಿವರ್‌ಪೂಲ್‌ನವರು ಅವನನ್ನು ಹದಿನೈದಕ್ಕೇ ಸಾಕು ಹೋಗು ಅಂದರು. ಒಂದು ಕಾಲದಲ್ಲಿ ಬೀಟ್‌ರೂಟ್ ಫ್ಯಾಕ್ಟರಿಯಲ್ಲಿ ಜಾಡಿಗೆ ಮುಚ್ಚಳ ಹಾಕಿದ. ವರ್ಷಗಟ್ಟಲೆ ಕೆಳಗಿನ ಡಿವಿಷನ್‌ಗಳಲ್ಲಿ ಆಡಿದ. ಮೂವತ್ತೊಂದಕ್ಕೆ, 2013ರ ಆಗಸ್ಟ್‌ನಲ್ಲಿ, ವೆಂಬ್ಲಿಯಲ್ಲಿ ಸ್ಕಾಟ್ಲೆಂಡ್ ಮೇಲೆ ಇಂಗ್ಲೆಂಡ್ ಪರ ಮೊದಲ ಸಲ ಇಳಿದ. ಮೊದಲ ಬಾರಿ ಚೆಂಡು ತಾಗಿದ್ದೇ ಗೋಲ್. ಮರುವರ್ಷ ಲಿವರ್‌ಪೂಲ್‌ನವರೇ ದುಡ್ಡು ಕೊಟ್ಟು ವಾಪಸ್ ಕರೆದುಕೊಂಡರು. ನಮ್ಮ ಸುನಿಲ್ ಛೆಟ್ರಿ 2010ರಲ್ಲಿ ಅಮೆರಿಕದ ಕಾನ್ಸಾಸ್ ಸಿಟಿಗೆ, 2012ರಲ್ಲಿ ಪೋರ್ಚುಗಲ್‌ಗೆ ಹೋಗಿ ಬಂದ. ಎರಡೂ ಕಡೆ ಅವನಿಗೆ ಸರಿಯಾಗಿ ಆಟ ಸಿಗಲಿಲ್ಲ. ವಾಪಸ್ ಬಂದವನನ್ನು ಬೆಂಗಳೂರು ತಲೆ ಮೇಲೆ ಹೊತ್ಕೊಂಡಿತು. ನೀನು ಊರಿಗೆ ಯಾವಾಗ ಬೇಕಾದರೂ ಬಾ. ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ಈಗ ತೊಡೆ ವಿಷಯ.

ಮಂಡಿಯಲ್ಲಿ ಕೆಲವರು ಬಾಕ್ಸ್ ತುಂಬುವಾಗ ಕೆಳಗೆ ಪಿಚ್ಚಿ ಹಣ್ಣು, ಮೇಲೆ ಎರಡು ಸಾಲು ಕೆಂಪಗೆ ಹೊಳೆಯುವ ಗಟ್ಟಿ ಹಣ್ಣು ಜೋಡಿಸುತ್ತಾರೆ. ಕೊಳ್ಳುವವನು ಮೇಲಿನದನ್ನು ನೋಡುವುದೇ ಇಲ್ಲ. ಅಂಗಿ ತೋಳು ಮಡಚಿ ಮೊಣಕೈವರೆಗೂ ಬಾಕ್ಸಿನೊಳಗೆ ಕೈ ಇಳಿಸುತ್ತಾನೆ. ತಳದ ಹಣ್ಣನ್ನು ಹೆಬ್ಬೆರಳಲ್ಲಿ ಒತ್ತುತ್ತಾನೆ. ಮೆತ್ತಗೆ ತಾಗಿದರೆ ಆ ರೈತನ ಅಷ್ಟೂ ಬಾಕ್ಸಿನ ರೇಟು ಬಿತ್ತು ಅಂತಲೇ ಅರ್ಥ. ಮುಂದಿನ ವಾರ ಒಳ್ಳೆ ಮಾಲು ತಂದರೂ ಅವನನ್ನು ಅನುಮಾನದಿಂದಲೇ ನೋಡುತ್ತಾರೆ. ಕ್ಲಬ್ಬಿನ ಡಾಕ್ಟರೂ ಕೈ ಇಳಿಸುತ್ತಾನೆ ಮಂಜು. ಅವನ ಕೈಗೆ ಸಿಗದಿದ್ದರೆ ಮೂರನೇ ಮ್ಯಾಚಿನಲ್ಲಿ ಓಡುವಾಗ ಎಲ್ಲರ ಕಣ್ಣಿಗೂ ಸಿಗುತ್ತದೆ.

ನಿನಗೆ ನನ್ನ ಮಂಡಿ ಚಿಪ್ಪಿನ ಕಥೆ ಅರ್ಧ ಮಾತ್ರ ಗೊತ್ತು. ಪೂರ್ತಿ ಯಾರಿಗೂ ಹೇಳಿಲ್ಲ. 1986ರಲ್ಲಿ ಬೆಂಗಳೂರಿನ ಒಂದು ಕಂಪನಿ ಟೀಮಿಗೆ ಆಡುತ್ತಿದ್ದೆ. ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಹೋಗಿ ರಾತ್ರಿ ವಾಪಸ್. ಫೈನಲ್ ಗೆದ್ದರೆ ಕೆಲಸ ಗ್ಯಾರಂಟಿ ಅಂತ ಮ್ಯಾನೇಜರ್ ಹೆಗಲ ಮೇಲೆ ಕೈ ಇಟ್ಟು ಹೇಳಿದ್ದರು. ಸೆಮಿಫೈನಲ್‌ನಲ್ಲೇ ಬಲ ಮಂಡಿ ಊದಿಕೊಂಡಿತ್ತು. ಯಾರಿಗೂ ಹೇಳಲಿಲ್ಲ. ಕ್ರೇಪ್ ಬ್ಯಾಂಡೇಜ್ ಬಿಗಿಯಾಗಿ ಸುತ್ತಿ, ಮೇಲೆ ಸಾಕ್ಸ್ ಎಳೆದುಕೊಂಡೆ. "ಹೇಗಿದ್ದೀಯಪ್ಪಾ?" ಅಂದರು. "ಏನೂ ಇಲ್ಲ ಸಾರ್" ಅಂದೆ. ಇಪ್ಪತ್ತು ನಿಮಿಷ ಆಡಿದೆ. ತಿರುಗುವಾಗ ಒಳಗೆ ಏನೋ ಪಟ್ ಅಂತು. ಆಮೇಲೆ ಆ ಕೆಲಸದ ಬಗ್ಗೆ ಕೇಳಲು ಮೂರು ಸಲ ಹೋದೆ. ಮೂರನೇ ಸಲ ಗೇಟಿನಲ್ಲೇ ನಿಲ್ಲಿಸಿದರು. ತೋರಿಸಲು ನನ್ನ ಹತ್ತಿರ ಒಂದು ಚೂರು ಕಾಗದವೂ ಇರಲಿಲ್ಲ. ಆಗ ನನಗೆ ಇಪ್ಪತ್ತೆರಡು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತೇನೆ, ನೀನೇ ನೋಡಿದ್ದೀಯ.

ಆದ್ದರಿಂದ ಮೊದಲು ಎಂಆರ್‌ಐ ಮಾಡಿಸು. ಖರ್ಚು ನಾನು ಕೊಡುತ್ತೇನೆ, ಅದರ ಬಗ್ಗೆ ವಾದ ಬೇಡ. ರಿಪೋರ್ಟ್ ಅವರ ಮುಂದೆ ಇಟ್ಟು, ಎಷ್ಟು ವಾರ ಬೇಕು ಅಂತ ನೇರವಾಗಿ ಹೇಳು.

ನೀನು ವಾಟ್ಸಾಪ್‌ನಲ್ಲಿ ಕಳಿಸಿದ ಕರಾರನ್ನು ನಮ್ಮ ಶ್ವೇತಾಗೆ ತೋರಿಸಿದೆ. ಅವಳೀಗ ಲಾ ಕೊನೇ ವರ್ಷ. ಜಗತ್ತಿನ ಫುಟ್‌ಬಾಲ್ ನಡೆಸುವ ಸಂಸ್ಥೆ ಫೀಫಾದ ನಿಯಮಗಳನ್ನೆಲ್ಲ ಪ್ರಿಂಟ್ ತೆಗೆದು ಎರಡು ರಾತ್ರಿ ಕೂತು ಓದಿದಳು. "ಮೆಡಿಕಲ್ ಪಾಸಾದರೆ ಮಾತ್ರ ಈ ಕರಾರು ಜಾರಿ" ಅಂತ ಮೂರನೇ ಪುಟದಲ್ಲಿ ಒಂದು ಸಾಲಿದೆಯಲ್ಲ, ಅಂಥ ಷರತ್ತು ಹಾಕುವಂತಿಲ್ಲವಂತೆ. ಪರೀಕ್ಷೆ ಏನಿದ್ದರೂ ಸಹಿಗೆ ಮುಂಚೆ ಮುಗಿಯಬೇಕು. ಆ ಸಾಲು ತೆಗೆಸು. ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, ಬರಹದಲ್ಲಿ ನೋಟಿಸ್ ಕೊಟ್ಟು 15 ದಿನ ಕಾಯಬೇಕು. ಆಗಲೂ ಪೂರ್ತಿ ಕೊಡದಿದ್ದರೆ ಕರಾರು ಮುರಿದು ಹೊರಗೆ ಬರುವ ಹಕ್ಕು ಆಟಗಾರನಿಗಿದೆ. ಹಿಂದಿನ ಕ್ಲಬ್ಬಿನಲ್ಲಿ ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡು ಬರೀ ಬ್ರೆಡ್ ತಿಂದೆ ಅಂದಾಗ ಅಕ್ಕ ಅತ್ತದ್ದು ನಿನಗೆ ಗೊತ್ತಿಲ್ಲ. ಕರಾರು ಗ್ರೀಕಿನಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ. ಜಗಳ ಬಂದರೆ ಯಾವುದು ನಡೆಯುತ್ತದೆ ಅಂತ ಕೇಳಿ ಬರೆಸಿಕೋ. ಏಜೆಂಟನಿಗೆ ಫೀಫಾ ಲೈಸೆನ್ಸ್ ಇದೆಯಾ ಅಂತ ಆನ್‌ಲೈನ್‌ನಲ್ಲೇ ನೋಡಬಹುದು. ನೋಡು. ದಲ್ಲಾಳಿಗಳೆಲ್ಲ ಕೆಟ್ಟವರಲ್ಲ, ನಾನು ಅವರ ಮಧ್ಯೆಯೇ ಬದುಕಿದವನು. ಆದರೆ ಒಳ್ಳೆ ದಲ್ಲಾಳಿ ಚೀಟಿ ಕೊಡಲು ಹಿಂದೆಮುಂದೆ ನೋಡುವುದಿಲ್ಲ.

ಅವಸರ ಯಾಕೆ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಒಂದು ಸೀಸನ್‌ನಲ್ಲಿ ಮೂರು ಕ್ಲಬ್ಬಿಗೆ ನೋಂದಣಿ ಆಗಬಹುದಾದರೂ ಮ್ಯಾಚ್ ಆಡಲು ಎರಡಕ್ಕೆ ಮಾತ್ರ ಅವಕಾಶ. ಕಾಲು ಸರಿಯಿಲ್ಲದೆ ಹೋಗಿ ಎರಡು ಮ್ಯಾಚ್ ಆಡಿ ಕೂತರೆ ಒಂದು ಅವಕಾಶ ಸುಮ್ನೆ ಹಾಳಾಗುತ್ತದೆ. ನಿನ್ನ ಈಗಿನ ಕರಾರು ಜೂನ್ 30ಕ್ಕೆ ಮುಗಿಯುತ್ತದೆ. ಕ್ಲಬ್ ಇಲ್ಲದ ಆಟಗಾರನನ್ನು ವಿಂಡೋ, ಅಂದರೆ ಆಟಗಾರರನ್ನು ಸೇರಿಸಿಕೊಳ್ಳುವ ಅವಧಿ, ಮುಚ್ಚಿದ ಮೇಲೂ ತಗೊಳ್ಳಬಹುದು, ಆ ದೇಶದ ಫುಟ್‌ಬಾಲ್ ಸಂಸ್ಥೆ ಒಪ್ಪಬೇಕು ಅಷ್ಟೆ. ಸೆಪ್ಟೆಂಬರ್‌ನಲ್ಲಿ ಗಟ್ಟಿ ಕಾಲಲ್ಲಿ ಹೋಗುವುದು ಜುಲೈನಲ್ಲಿ ಕುಂಟುತ್ತಾ ಹೋಗುವುದಕ್ಕಿಂತ ಮೇಲು, ಅಲ್ವಾ?

ದುಡ್ಡಿನ ವಿಷಯ ಒಂದೇ ಮಾತು. ಮನೆ ಮೇಲೆ ಇನ್ನೊಂದು ಅಂತಸ್ತು ಈಗ ಬೇಡ. ಅಕ್ಕನೇ ಹಾಗೆ ಹೇಳಿದ್ದಾಳೆ.

ಎಂಟು ಮ್ಯಾಚಿನಿಂದ ಗೋಲ್ ಇಲ್ಲ ಅಂದೆ. ಚಿಕ್ಕವನಿದ್ದಾಗ ಬತ್ತಿದ ಕೆರೆ ಅಂಗಳದಲ್ಲಿ ನೀನು ಆಡುತ್ತಿದ್ದದ್ದು ನನ್ನ ಕಣ್ಣ ಮುಂದೆ ಇದೆ. ಅಣ್ಣನ ದೊಡ್ಡ ಬೂಟಿಗೆ ಬಟ್ಟೆ ತುರುಕಿಕೊಂಡು ಬರುತ್ತಿದ್ದೆ. ಬೇರೆ ಹುಡುಗರು ಚೆಂಡು ಒದ್ದು ನಿಂತು ನೋಡುತ್ತಿದ್ದರು. ಯಾರೇ ಒದ್ದರೂ ನೀನು ಮಾತ್ರ ಗೋಲ್‌ಕೀಪರ್ ಕಡೆಗೆ ಓಡುತ್ತಿದ್ದೆ, ಅವನ ಕೈಗೆ ಬಡಿದು ಚೆಂಡು ವಾಪಸ್ ಬಂದೇ ಬರುತ್ತದೆ ಅನ್ನುವ ಹಾಗೆ. ಹತ್ತು ಸಲದಲ್ಲಿ ಒಂಬತ್ತು ಸಲ ಬರುತ್ತಿರಲಿಲ್ಲ. ಆದರೂ ಓಡುತ್ತಿದ್ದೆ. ನಿನ್ನ ಅರ್ಧ ಗೋಲುಗಳು ಹಾಗೇ ಬಂದವು. ಹೋದ ತಿಂಗಳು ಕಳಿಸಿದ ವಿಡಿಯೋದಲ್ಲಿ ಆ ಓಟ ಕಾಣಲಿಲ್ಲ ಮಂಜು. ನೀನು ನಿಂತು ನೋಡುತ್ತಿದ್ದೆ. ಮನಸ್ಸಿಗೆ ಬೇಜಾರಾಗಿಯೋ, ತೊಡೆಗೆ ಹೆದರಿಯೋ, ನೀನೇ ಹೇಳಬೇಕು. ತೊಡೆಗೆ ಹೆದರಿ ಅಂತ ನನ್ನ ಊಹೆ. ಅದಕ್ಕೇ ಇಷ್ಟೆಲ್ಲ ಬರೆದೆ.

ಶ್ವೇತಾ ಆ ಮೂರನೇ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದಾಳೆ. ಫೋಟೋ ಇವತ್ತೇ ಕಳಿಸುತ್ತಾಳೆ. ಓದಿ ನನಗೆ ಫೋನ್ ಮಾಡು. ನಾವು ನಿನಗಿಂತ ಮೂರೂವರೆ ಗಂಟೆ ಮುಂದೆ ಇದ್ದೇವೆ. ಇಲ್ಲಿ ಸಂಜೆ ಆರರ ಮೇಲೆ ಮಾಡು, ಆಗ ಅಕ್ಕನೂ ನಮ್ಮ ಮನೆಯಲ್ಲೇ ಇರುತ್ತಾಳೆ.

ನಿನ್ನ ಮಾವ